ಬರೆದದ್ದು ಬರೆದಂತಿರಲಿ

ರಾಯಚೂರಿನಿಂದ ಉತ್ತರಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ, ಕೃಷ್ಣಾನದಿಯ ದಂಡೆಯ ಮೇಲೆ, ಶಕ್ತಿನಗರವಿದೆ. ಹೆಸರಿಗೆ ತಕ್ಕ ಊರು ಅದು. ಕಲ್ಲಿದ್ದಲನ್ನು ಉರಿಸಿ, ನೀರನ್ನು ಉಗಿಯಾಗಿಸಿ, ಆ ಉಗಿಯ ಬಲದಿಂದ ವಿದ್ಯುತ್ತನ್ನು ಉತ್ಪಾದಿಸುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವು ಅಲ್ಲಿಯೇ ಇದೆ. ಅದರ ಎಂಟು ಘಟಕಗಳು ಒಂದೇ ಸಲಕ್ಕೆ ತಲೆಯೆತ್ತಿದವುಗಳಲ್ಲ. ಮೊದಲನೆಯದು 1985ರಲ್ಲಿಯೂ ಎರಡನೆಯದು 1986ರಲ್ಲಿಯೂ ಕಾರ್ಯಾರಂಭ ಮಾಡಿದವು. ಮೂರನೆಯದಕ್ಕೆ 1991ರವರೆಗೂ ನಾಲ್ಕನೆಯದಕ್ಕೆ 1994ರವರೆಗೂ ಕಾಯಬೇಕಾಯಿತು. ಐದನೆಯ ಮತ್ತು ಆರನೆಯ ಘಟಕಗಳು 1999ರ ಒಂದೇ ವರ್ಷದಲ್ಲಿ ಬಂದವು. ಏಳನೆಯದು 2002ರಲ್ಲಿ, ಎಂಟನೆಯದು 2010ರಲ್ಲಿ ಸೇರಿತು. ಮೊದಲ ಏಳು ಘಟಕಗಳದು ತಲಾ 210 ಮೆಗಾವಾಟ್, ಕೊನೆಯದರದು 250 ಮೆಗಾವಾಟ್. ಹೀಗೆ ಒಟ್ಟು 1,720 ಮೆಗಾವಾಟ್ ಸಾಮರ್ಥ್ಯವು ಕೂಡಿಬರಲು ಇಪ್ಪತ್ತೈದು ವರ್ಷಗಳು ಹಿಡಿದವು. ಆ ಇಸವಿಗಳಷ್ಟೇ ಅಲ್ಲ, ಅವುಗಳ ನಡುವಿನ ಅಂತರವೂ ಆ ಊರಿನ ಚರಿತ್ರೆಯೇ ಆಗಿದೆ.

ಈಗ ಆ ಊರಿನ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಶಾಲೆಯ ಪ್ರಬಂಧಕ್ಕಾಗಿ ಅವಳು ಮನೆಯ ಮೊಬೈಲಿನ ಟಿಪ್ಪಣಿ ಆ್ಯಪಿನಲ್ಲಿ ಈ ವಿವರಗಳನ್ನು ಬರೆದುಕೊಳ್ಳುತ್ತಾಳೆ. ಪ್ರತಿಯೊಂದು ಸಾಲನ್ನೂ ಇಸವಿಯಿಂದ ಆರಂಭಿಸಿ, ಇಸವಿಯ ಮುಂದೆ ಒಂದು ಚುಕ್ಕಿಯಿಟ್ಟು, ಬಳಿಕ ಘಟಕದ ಹೆಸರನ್ನು ಬರೆಯುತ್ತಾಳೆ. 1985ರ ಸಾಲು ಮುಗಿದು ಅವಳು ಮುಂದಿನ ಸಾಲಿಗೆ ಇಳಿದೊಡನೆ 1986 ಎಂಬ ಅಂಕೆಯು ತಾನಾಗಿಯೇ ಮೂಡುತ್ತದೆ. ಎಷ್ಟು ಜಾಣ ಯಂತ್ರವಿದು, ತನ್ನ ಮನಸ್ಸಿನಲ್ಲಿದ್ದುದನ್ನೇ ಬರೆಯಿತಲ್ಲ ಎಂದು ಅವಳಿಗೆ ಸಂತೋಷವೇ ಆಗುತ್ತದೆ. ಮೂರನೆಯ ಸಾಲಿನಲ್ಲಿ 1987 ಎಂದು ಮೂಡುತ್ತದೆ. ಅವಳು ಅದನ್ನು ಅಳಿಸಿ 1991 ಎಂದು ಬರೆಯುತ್ತಾಳೆ. ಉಳಿದ ಸಾಲುಗಳನ್ನೂ ಸರಿಯಾಗಿಯೇ ಬರೆದು ಮುಗಿಸುತ್ತಾಳೆ. ಆದರೆ ಪುಟವನ್ನು ಓದಲೆಂದು ತೆರೆದಾಗ ಅದು 1985, 1986, 1987, 1988 ಎಂದು ಒಂದರ ಹಿಂದೊಂದು ಹೋಗಿ 1992ಕ್ಕೆ ನಿಲ್ಲುತ್ತದೆ. ಇಪ್ಪತ್ತೈದು ವರ್ಷಗಳ ಕೆಲಸವು ಏಳು ವರ್ಷಗಳಲ್ಲಿ ಮುಗಿದುಹೋಗಿರುತ್ತದೆ.

ಮೊದಲೆರಡು ಇಸವಿಗಳು ಸರಿಯಾಗಿದ್ದುದರಿಂದ ಅವಳು ಉಳಿದವುಗಳನ್ನು ಪರೀಕ್ಷಿಸದೆ ಹೋಗುವ ಸಂಭವವೇ ಹೆಚ್ಚು. ಆದರೆ ಮನೆಯಲ್ಲಿ ಆ ಕೇಂದ್ರದಲ್ಲಿಯೇ ದುಡಿದು ನಿವೃತ್ತರಾದ ಹಿರಿಯರು ಇದ್ದರೆ ಮಾತು ಬೇರೆ.

“ಏನವ್ವಾ, ಎಂಟನೇ ಯೂನಿಟ್ಟು 1992ಕ್ಕ ಬಂತೇನು? ಆವಾಗಿನ್ನಾ ನಾಕನೇದೇ ಬಂದಿದ್ದಿಲ್ಲ!”

“ನಾ ಹಂಗ ಬರ್ದಿಲ್ಲ ತಾತ. ಅದೇ ಬದ್ಲಿ ಮಾಡ್ಯಾದ.”

ಅವಳ ಉತ್ತರವು ನಿಜವಾದುದೇ. ಆದರೆ ಪ್ರಬಂಧದ ಮೇಲೆ ಇರುವುದು ಅವಳ ಹೆಸರು, ಯಂತ್ರದ ಹೆಸರಲ್ಲ.

ಈ ತಪ್ಪು ಹೇಗೆ ಸಂಭವಿಸುತ್ತದೆ? ಸಾಲಿನ ಆರಂಭದಲ್ಲಿ ಒಂದು ಅಂಕೆ, ಅದರ ಮುಂದೆ ಒಂದು ಚುಕ್ಕಿ, ಅನಂತರ ಒಂದು ತೆರಪು ಕಂಡರೆ ಅದನ್ನು ಕ್ರಮಸಂಖ್ಯೆಯುಳ್ಳ ಪಟ್ಟಿಯೆಂದು ತಿಳಿಯಬೇಕು ಎಂಬ ನಿಯಮವನ್ನು ಇಂತಹ ಆ್ಯಪುಗಳಿಗೆ ಕಲಿಸಲಾಗಿರುತ್ತದೆ. ಒಂದು, ಎರಡು, ಮೂರು ಎಂದು ಬರೆಯುವವನಿಗೆ ಇದರಿಂದ ನಿಜವಾಗಿಯೂ ಅನುಕೂಲವುಂಟು. ನಡುವೆ ಒಂದು ಅಂಶವನ್ನು ಸೇರಿಸಿದರೆ ಮುಂದಿನ ಸಂಖ್ಯೆಗಳೆಲ್ಲವೂ ತಾವಾಗಿಯೇ ಸರಿಹೊಂದುತ್ತವೆ. ಆದರೆ 1985 ಎಂಬುದು ಇಸವಿಯೋ ಕ್ರಮಸಂಖ್ಯೆಯೋ ಎಂಬುದು ಆ ನಿಯಮಕ್ಕೆ ತಿಳಿಯದು. ಇಂದಿನ ಅನೇಕ ಟಿಪ್ಪಣಿ ಆ್ಯಪುಗಳು ಅನುಸರಿಸುವ ಬರವಣಿಗೆಯ ಸಂಕೇತಕ್ರಮಕ್ಕೆ ಮಾರ್ಕ್‌ಡೌನ್ ಎಂದು ಹೆಸರು. ಜಾನ್ ಗ್ರೂಬರ್ ಎಂಬ ಅಮೆರಿಕದ ಲೇಖಕರು ಅದನ್ನು 2004ರಲ್ಲಿ ಪ್ರಕಟಿಸಿದರು. ಸಾಲಿನ ಮೊದಲಿಗೆ ಇಸವಿ ಮತ್ತು ಚುಕ್ಕಿ ಬಂದರೆ ಅದು ಬರೆದವರ ಇಚ್ಛೆಯಿಲ್ಲದೆಯೇ ಪಟ್ಟಿಯಾಗಿಬಿಡಬಹುದು ಎಂಬ ಎಚ್ಚರಿಕೆಯನ್ನು ಅವರು ತಮ್ಮ ವಿವರಣೆಯಲ್ಲಿಯೇ ಕೊಟ್ಟಿದ್ದಾರೆ. ಚುಕ್ಕಿಯ ಹಿಂದೆ ಎಡಕ್ಕೆ ವಾಲಿದ ಒಂದು ಗೆರೆಯನ್ನು ಹಾಕಿದರೆ ತೊಂದರೆ ತಪ್ಪುತ್ತದೆ ಎಂಬ ಪರಿಹಾರವನ್ನೂ ಹೇಳಿದ್ದಾರೆ. ಮಾಡಿದವರಿಗೆ ತಿಳಿದಿತ್ತು. ಬಳಸುವವರಿಗೆ ಯಾರೂ ತಿಳಿಸಲಿಲ್ಲ, ಅಷ್ಟೆ.

ಲೆಕ್ಕದ ಹಾಳೆಗಳ ಕಥೆಯೂ ಇದೇ ಬಗೆಯದು. ರಾಯಚೂರಿನ ದೂರವಾಣಿ ಸಂಕೇತವಾದ 08532 ಎಂಬುದನ್ನು ಎಕ್ಸೆಲ್ ಹಾಳೆಯಲ್ಲಿ ಹಾಗೆಯೇ ಬರೆದರೆ ಮೊದಲಿನ ಸೊನ್ನೆಯು ಮಾಯವಾಗಿ 8532 ಉಳಿಯುತ್ತದೆ. ಮನೆಯ ಸಂಖ್ಯೆಯೆಂದು 5-3 ಎಂದು ಬರೆದರೆ ಅದು ತಾರೀಖಾಗಿ ಮಾರ್ಪಡುತ್ತದೆ. ಇದು ಮಕ್ಕಳ ಲೆಕ್ಕಕ್ಕಷ್ಟೇ ಆದ ತೊಂದರೆಯೆಂದು ತಿಳಿಯಬಾರದು. ಮನುಷ್ಯನ ಜೀನುಗಳಲ್ಲಿ ಕೆಲವಕ್ಕೆ ವಿಜ್ಞಾನಿಗಳು ‘ಸೆಪ್ಟ್1’, ‘ಮಾರ್ಚ್1’ ಎಂಬ ಗುರುತಿನ ಹೆಸರುಗಳನ್ನು ಇಟ್ಟಿದ್ದರು. ಎಕ್ಸೆಲ್ ಅವುಗಳನ್ನು ಸೆಪ್ಟೆಂಬರ್ ಒಂದು, ಮಾರ್ಚ್ ಒಂದು ಎಂದು ತಿಳಿದು ತಾರೀಖುಗಳನ್ನಾಗಿ ಮಾಡುತ್ತಿತ್ತು. ಜೀನುಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಗಳಲ್ಲಿ ಲಗತ್ತಿಸಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಇಂತಹ ದೋಷಕ್ಕೆ ಒಳಗಾಗಿದ್ದುದು 2016ರಲ್ಲಿ ಪ್ರಕಟವಾದ ಪರಿಶೀಲನೆಯಿಂದ ತಿಳಿದುಬಂದಿತು. ಕೊನೆಗೆ 2020ರಲ್ಲಿ, ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ಆ ಹೆಸರುಗಳನ್ನೇ ಬದಲಿಸಿ ‘ಸೆಪ್ಟಿನ್1’, ‘ಮಾರ್ಚ್‌ಎಫ್1’ ಎಂದು ಮಾಡಿತು. ಯಂತ್ರವು ಮನುಷ್ಯನ ಮಾತಿಗೆ ಹೊಂದಿಕೊಳ್ಳುವ ಬದಲು ಮನುಷ್ಯನೇ ಯಂತ್ರಕ್ಕೆ ಹೊಂದಿಕೊಂಡನು. ಈ ಮಾರ್ಪಾಡನ್ನು ಪೂರ್ಣವಾಗಿ ನಿಲ್ಲಿಸುವ ಆಯ್ಕೆಯು ಎಕ್ಸೆಲ್‌ಗೆ ಬಂದುದು 2023ರಲ್ಲಿ, ಹೆಸರುಗಳು ಬದಲಾಗಿ ಮೂರು ವರ್ಷಗಳಾದ ಮೇಲೆ!

ಬರೆಯಿಸುವವನಿಗೂ ಬರಹಕ್ಕೂ ನಡುವೆ ಇರುವ ಕೈಯು ತಪ್ಪು ಮಾಡುವುದು ಹೊಸ ಸಂಗತಿಯೇನಲ್ಲ. ಅಶೋಕ ಚಕ್ರವರ್ತಿಯ ಶಾಸನಗಳು ರಾಯಚೂರು ಸೀಮೆಗೆ ಅಪರಿಚಿತವಲ್ಲ. ‘ಅಶೋಕ’ ಎಂಬ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವು 1915ರಲ್ಲಿ ಬೆಳಕಿಗೆ ಬಂದಿತು. ಅದೇ ಚಕ್ರವರ್ತಿಯು ತನ್ನ ಹದಿನಾಲ್ಕನೆಯ ಬಂಡೆಗಲ್ಲಿನ ಶಾಸನದಲ್ಲಿ, ಕೆಲವೆಡೆ ಬರಹವು ಅಪೂರ್ಣವಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದೆಂದು ಹೇಳಿದ್ದಾನೆ. ಓಲೆಗರಿಯ ಕಾಲದ ಲಿಪಿಕಾರರೂ ಗ್ರಂಥದ ಕೊನೆಯಲ್ಲಿ, ಕಂಡಂತೆ ಬರೆದಿರುವೆವು, ತಪ್ಪಿದ್ದರೆ ಮನ್ನಿಸಬೇಕು ಎಂಬರ್ಥದ ಮಾತುಗಳನ್ನು ಸೇರಿಸುತ್ತಿದ್ದರು. ಆ ಲಿಪಿಕಾರನಿಗೆ ತಾನು ತಪ್ಪಬಹುದೆಂಬ ಅಂಜಿಕೆಯಾದರೂ ಇತ್ತು. ಆ್ಯಪಿಗೆ ಅದಿಲ್ಲ. ತಾನು ಬದಲಿಸಿದ್ದೇನೆಂಬುದನ್ನು ಸಹ ಅದು ಅನೇಕ ವೇಳೆ ಹೇಳುವುದಿಲ್ಲ.

ಹಾಗಾದರೆ ಸ್ವಯಂಚಾಲಿತವಾದುದೆಲ್ಲವೂ ಬೇಡವೆ? ಶಕ್ತಿನಗರದಂತಹ ಊರಿನಲ್ಲಿ ನಿಂತು ಯಾರೂ ಹಾಗೆ ಹೇಳಲಾರರು. ಶಾಖೋತ್ಪನ್ನ ಕೇಂದ್ರದ ಬಾಯ್ಲರಿನಲ್ಲಿ ನೀರಿನ ಮಟ್ಟವು ಹೆಚ್ಚದಂತೆ, ಕುಗ್ಗದಂತೆ ಕ್ಷಣಕ್ಷಣವೂ ಕಾಯುವುದು ಸ್ವಯಂಚಾಲಿತ ನಿಯಂತ್ರಣವೇ. ಮನುಷ್ಯನ ಕೈಗೆ ಅಷ್ಟು ಚುರುಕಿಲ್ಲ. ಆದರೆ ಇಂತಹ ಕೇಂದ್ರಗಳ ನಿಯಂತ್ರಣ ಕೊಠಡಿಯಲ್ಲಿ ‘ಆಟೊ’ ಎಂಬುದರ ಪಕ್ಕದಲ್ಲಿಯೇ ‘ಮ್ಯಾನ್ಯುಯಲ್’ ಎಂಬ ಆಯ್ಕೆಯೂ ಇರುತ್ತದೆ. ಯಾವುದು ಯಾವ ಸ್ಥಿತಿಯಲ್ಲಿದೆ ಎಂಬುದು ಕೆಲಸಗಾರನ ಕಣ್ಣೆದುರಿಗೇ ಕಾಣುತ್ತಿರುತ್ತದೆ. ಯಂತ್ರದ ನಡತೆಯು ಸಂದೇಹಾಸ್ಪದವಾಗಿ ತೋರಿದರೆ ಅವನು ಅದನ್ನು ತನ್ನ ಕೈಗೆ ತೆಗೆದುಕೊಳ್ಳಬಲ್ಲನು. (ಅಪಾಯದಲ್ಲಿ ಘಟಕವನ್ನು ನಿಲ್ಲಿಸುವ ರಕ್ಷಣಾ ವ್ಯವಸ್ಥೆಯ ಮಾತು ಬೇರೆ. ಅದನ್ನು ಮನಸ್ಸು ಬಂದಂತೆ ಆರಿಸುವಂತಿಲ್ಲ. ಬರೆದುದನ್ನು ತಾನಾಗಿಯೇ ಉಳಿಸಿಡುವ ಆ್ಯಪಿನ ಗುಣವೂ ಅಂತಹುದೇ, ಅದನ್ನು ಹಾಗೆಯೇ ಬಿಡುವುದು ಲೇಸು.) ಕೋಟ್ಯಂತರ ರೂಪಾಯಿಗಳ ಬಾಯ್ಲರಿಗೆ ದೊರೆತಿರುವ ಈ ಸ್ಪಷ್ಟತೆಯು ಒಂದು ಪುಟದ ಟಿಪ್ಪಣಿಗೆ ದೊರೆತಿಲ್ಲವೆಂಬುದೇ ಆಕ್ಷೇಪಣೆ. ವರ್ಡ್ ತಂತ್ರಾಂಶದಲ್ಲಿ ತಾನಾಗಿ ಬೀಳುವ ಕ್ರಮಸಂಖ್ಯೆಯನ್ನು ನಿಲ್ಲಿಸಬೇಕಾದರೆ ‘ಫೈಲ್’ನಿಂದ ‘ಆಪ್ಷನ್ಸ್’ಗೆ, ಅಲ್ಲಿಂದ ‘ಪ್ರೂಫಿಂಗ್’ಗೆ, ಅಲ್ಲಿಂದ ‘ಆಟೋಕರೆಕ್ಟ್ ಆಪ್ಷನ್ಸ್’ಗೆ, ಅದರೊಳಗಿನ ‘ಆಟೋಫಾರ್ಮ್ಯಾಟ್ ಆ್ಯಸ್ ಯು ಟೈಪ್’ಗೆ ಹೋಗಿ ಒಂದು ಗುರುತನ್ನು ತೆಗೆಯಬೇಕು. ದೀಪವಿರುವುದು ನಡುಮನೆಯಲ್ಲಿ, ಅದರ ಸ್ವಿಚ್ಚು ಹಿತ್ತಿಲಿನಲ್ಲಿ ಎಂಬಂತಾಯಿತು.

ಆದರೂ ಸ್ವಿಚ್ಚು ಇದೆ. ಅದನ್ನು ಹುಡುಕುವ ಮೊದಲು ತಿದ್ದುತ್ತಿರುವವರು ಯಾರೆಂಬುದನ್ನು ಪತ್ತೆಮಾಡಬೇಕು. ಮೊಬೈಲಿನಲ್ಲಿ ಬರೆಯುವಾಗ ಆ್ಯಪು ಒಂದು, ಕೀಲಿಮಣೆ ಮತ್ತೊಂದು. ಪದವನ್ನು ಬದಲಿಸುವುದು, ಇಂಗ್ಲಿಷ್ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಎರಡು ಸಲ ತೆರಪನ್ನು ಒತ್ತಿದರೆ ಚುಕ್ಕಿಯಿಡುವುದು ಸಾಮಾನ್ಯವಾಗಿ ಕೀಲಿಮಣೆಯ ಕೆಲಸ. ಪಟ್ಟಿ ಮಾಡುವುದು, ತಲೆಬರಹ ಮಾಡುವುದು ಆ್ಯಪಿನ ಕೆಲಸ. ಅದೇ ಸಾಲನ್ನು ಬೇರೊಂದು ಆ್ಯಪಿನಲ್ಲಿ ಬರೆದು ನೋಡಬೇಕು. ಅಲ್ಲಿಯೂ ಹಾಗೆಯೇ ಆದರೆ ಕೀಲಿಮಣೆಯ ಸೆಟ್ಟಿಂಗ್ಸನ್ನು, ಆಗದಿದ್ದರೆ ಮೊದಲಿನ ಆ್ಯಪಿನ ಸೆಟ್ಟಿಂಗ್ಸನ್ನು ತೆರೆಯಬೇಕು. ಅಷ್ಟಕ್ಕೂ ಸಮಯವಿಲ್ಲದವರು, ಬದಲಾವಣೆಯಾದ ಕೂಡಲೇ ‘ಅನ್‌ಡೂ’ ಒತ್ತಿದರೆ ಸಾಕಾಗುವುದುಂಟು. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಅನೇಕ ತಂತ್ರಾಂಶಗಳಲ್ಲಿ ಬರೆದ ಅಕ್ಷರಗಳು ಉಳಿದು ಯಂತ್ರದ ಅಲಂಕಾರ ಮಾತ್ರ ಅಳಿಯುತ್ತದೆ. ಹೀಗೆ ನಿಲ್ಲಿಸುವ ಆಯ್ಕೆಯನ್ನೇ ಕೊಡದ ಆ್ಯಪುಗಳೂ ಇವೆ. ಅಂತಹವನ್ನು ಬಿಟ್ಟು ಬೇರೊಂದನ್ನು ಆರಿಸಿಕೊಳ್ಳುವುದರಲ್ಲಿ ಸಂಕೋಚವೇಕೆ?

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಇಕ್ಕಟ್ಟು ಇದೆ. ಕಾಗುಣಿತ ನೋಡುವ ಯಂತ್ರಕ್ಕೆ ಗೊತ್ತಿರುವುದು ಅದಕ್ಕೆ ಕೊಟ್ಟಿರುವ ಪದಗಳು ಮಾತ್ರ. ಆ ಪಟ್ಟಿಯಲ್ಲಿಲ್ಲದ ಪದದ ಕೆಳಗೆ ಅದು ಕೆಂಪುಗೆರೆಯನ್ನು ಎಳೆಯುತ್ತದೆ, ಇಲ್ಲವೆ ತನಗೆ ಗೊತ್ತಿರುವ ಹತ್ತಿರದ ಪದವನ್ನು ತಂದಿಡುತ್ತದೆ. ಮಾನ್ವಿ, ದೇವದುರ್ಗಗಳ ಹಳ್ಳಿಯ ಅಜ್ಜಿಯೊಬ್ಬಳು ಹೇಳಿದ ಕಥೆಯನ್ನು ಮೊಮ್ಮಗನು ಅವಳ ಮಾತಿನಲ್ಲಿಯೇ ಬರೆದುಕೊಳ್ಳಲು ಹೊರಟರೆ ‘ಬಂದಾನ’, ‘ಹೋಗ್ಯಾಳ’, ‘ಮಾಡ್ಯಾದ’ ಎಂಬಂತಹ ರೂಪಗಳಿಗೆ ಈ ಗತಿ ಬರಬಹುದು. ಕೆಂಪುಗೆರೆಯನ್ನು ಕಂಡ ಹುಡುಗನು ಅಜ್ಜಿಯ ಮಾತೇ ತಪ್ಪೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇಸವಿಯು ತಪ್ಪಿದರೆ ಹೋಲಿಸಿ ನೋಡಲು ಪುಸ್ತಕಗಳಿವೆ, ನೆನಪಿರುವ ಹಿರಿಯರಿದ್ದಾರೆ. ಅಜ್ಜಿಯು ಆಡಿದ ಮಾತನ್ನು ಬರೆದುಕೊಂಡ ಪ್ರತಿಯು ಅದೊಂದೇ. ಆದುದರಿಂದ ಇಂತಹ ಬರವಣಿಗೆಗೆ ಕುಳಿತುಕೊಳ್ಳುವ ಮೊದಲೇ ಪದ ತಿದ್ದುವ ಸೌಲಭ್ಯವನ್ನು ಆರಿಸಿಡುವುದು ಉಚಿತ. ಶಾಲೆಯ ಅರ್ಜಿಯನ್ನು ಬರೆಯುವಾಗ ಅದನ್ನು ಮತ್ತೆ ಹೊತ್ತಿಸಿಕೊಳ್ಳಲು ಅಡ್ಡಿಯೇನೂ ಇಲ್ಲ.

ಶಕ್ತಿನಗರದ ಆ ವಿದ್ಯಾರ್ಥಿನಿಯ ಕೆಲಸವಾದರೋ ಐದು ನಿಮಿಷದ್ದು. ಪಟ್ಟಿಯ ಸ್ವಿಚ್ಚನ್ನು ಹುಡುಕಿ ಆರಿಸಿ, ತಾತನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಅವಳು ಎಂಟು ಸಾಲುಗಳನ್ನು ಮತ್ತೊಮ್ಮೆ ಬರೆಯುತ್ತಾಳೆ. ಈ ಸಲ 1986ರ ಕೆಳಗೆ 1991 ನಿಲ್ಲುತ್ತದೆ. ಐದನೆಯ ಸಾಲಿನಲ್ಲಿ 1999, ಆರನೆಯ ಸಾಲಿನಲ್ಲಿ ಮತ್ತೆ 1999.