ಟಯರಿಗೂ ವಯಸ್ಸಾಗುತ್ತದೆ

ಮಸಾಲೆ ಪುಡಿಯ ಪ್ಯಾಕೆಟ್ ಕೊಳ್ಳುವಾಗ ನೀವು ಅದರ ಮೇಲಿನ ದಿನಾಂಕ ನೋಡುತ್ತೀರಿ. ಮಗುವಿಗೆ ಜ್ವರದ ಔಷಧ ಕುಡಿಸುವ ಮುನ್ನ ಅವಧಿ ಮುಗಿದಿಲ್ಲವಷ್ಟೇ ಎಂದು ಎರಡು ಬಾರಿ ಪರೀಕ್ಷಿಸುತ್ತೀರಿ. ಗ್ಯಾಸಿನ ರಬ್ಬರ್ ಪೈಪ್ ಬಿರುಕು ಬಿಟ್ಟರೆ ಅಂದೇ ಬದಲಾಯಿಸುತ್ತೀರಿ. ಆದರೆ ಇಡೀ ಕುಟುಂಬವನ್ನು ಹೊತ್ತು ಘಾಟಿ ಹತ್ತಿಳಿಯುವ ಕಾರಿನ ಟಯರ್ ಯಾವ ವರ್ಷದ್ದೆಂದು ಎಂದಾದರೂ ನೋಡಿದ್ದೀರಾ?

"ಅದೆಲ್ಲ ಗಂಡಸರ ವಿಷಯ" ಎನ್ನಬೇಡಿ. ಇಂದು ನಮ್ಮ ಅನೇಕ ಸಹೋದರಿಯರು ಸ್ವತಃ ಕಾರು ಓಡಿಸುತ್ತಾರೆ. ಓಡಿಸದಿದ್ದರೂ ಮಕ್ಕಳೊಂದಿಗೆ ಹಿಂದಿನ ಸೀಟಿನಲ್ಲಿ ಕೂರುವವರು ನೀವೇ ತಾನೇ?

ನಮ್ಮ ಎಷ್ಟೋ ಮನೆಗಳಲ್ಲಿ ಕಾರಿಗೆ ಓಟಕ್ಕಿಂತ ವಿಶ್ರಾಂತಿಯೇ ಹೆಚ್ಚು. ಯಜಮಾನರು ಗಲ್ಫ್‌ನಲ್ಲಿರುತ್ತಾರೆ. ಅವರು ರಜೆಯಲ್ಲಿ ಬಂದಾಗ ಮದುವೆ, ಹಬ್ಬ, ಬಂಧುಗಳ ಮನೆ ಎಂದು ಕಾರು ಓಡುತ್ತದೆ. ಉಳಿದ ತಿಂಗಳುಗಳಲ್ಲಿ ಅಂಗಳದಲ್ಲಿ ಬಿಸಿಲಿಗೆ ಒಣಗುತ್ತಾ ನಿಂತಿರುತ್ತದೆ. ಏಳು ವರ್ಷ ಕಳೆದರೂ ಟಯರಿನ ಗೀರುಗಳು ಸವೆದಿರುವುದಿಲ್ಲ. "ಹೊಸದರಂತೆಯೇ ಇದೆಯಲ್ಲಾ, ಯಾಕೆ ಬದಲಾಯಿಸಬೇಕು?" ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯ ವಸ್ತುವನ್ನು ಎಸೆಯಬಾರದೆಂಬುದು ನಮ್ಮ ಮನೆಗಳ ಉತ್ತಮ ಗುಣ. ಆದರೆ ಟಯರಿನ ವಿಷಯದಲ್ಲಿ ಈ ಗುಣವೇ ನಮ್ಮನ್ನು ಮೋಸಗೊಳಿಸುತ್ತದೆ.

ಅಮೆರಿಕದಲ್ಲಿ ಅನೇಕ ಕುಟುಂಬಗಳು ಪ್ರವಾಸ ಹೋಗುವಾಗ ಮಂಚ, ಒಲೆ, ಶೌಚಾಲಯಗಳಿರುವ ಪುಟ್ಟ ಗಾಲಿಮನೆಯೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋಗುತ್ತವೆ. ಅದನ್ನು ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. ವರ್ಷದಲ್ಲಿ ಕೆಲವು ವಾರ ಮಾತ್ರ ಅದು ರಸ್ತೆಗಿಳಿಯುತ್ತದೆ. ಅದರ ಟಯರ್‌ಗಳು ಸವೆಯುವುದಕ್ಕೆ ಮೊದಲೇ ಹಳತಾಗುತ್ತವೆ. ಆದ್ದರಿಂದ ಗೀರುಗಳು ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷಕ್ಕೆ ಅವನ್ನು ಬದಲಾಯಿಸಬೇಕೆಂದು ತಿಳಿದವರು ಹೇಳುತ್ತಾರೆ. ಹಾಗೆ ಮಾಡದವರಿಗೆ ಹೆದ್ದಾರಿಯಲ್ಲಿ ಪಾಠವಾಗುತ್ತದೆ. ಟ್ರೇಲರಿನ ಟಯರ್ ಒಡೆದರೆ ಮುಂದಿನ ವಾಹನದಲ್ಲಿ ಕುಳಿತ ಚಾಲಕನಿಗೆ ಕೂಡಲೇ ತಿಳಿಯದೇ ಹೋಗಬಹುದು. ಹರಿದ ರಬ್ಬರ್ ಬಡಿದು ಗಾಲಿಮನೆಯ ನೆಲ, ಪೈಪುಗಳು ಒಡೆಯುತ್ತವೆ. ಪಕ್ಕದ ಟಯರಿನ ಮೇಲೆ ಇಮ್ಮಡಿ ಭಾರ ಬಿದ್ದು ಅದೂ ಸಿಡಿಯಬಹುದು. ನಮ್ಮ ಅಂಗಳದ ಕಾರು ಗಾಲಿಮನೆಯಲ್ಲದಿದ್ದರೂ ಅದರ ಟಯರಿನ ಕಥೆ ಇದೇ ಆಗಿದೆ.

ನಿಂತಲ್ಲೇ ಟಯರ್ ಹಾಳಾಗುವುದು ಹೇಗೆ? ರಬ್ಬರನ್ನು ಕಾಪಾಡಲು ಅದರಲ್ಲಿ ಮೇಣದಂತಹ ಪದಾರ್ಥ ಬೆರೆಸಿರುತ್ತಾರೆ. ಕಾರು ಓಡುವಾಗ ಟಯರ್ ಬಾಗಿ ಬಳುಕುವುದರಿಂದ ಈ ಪದಾರ್ಥ ಮೇಲ್ಮೈಗೆ ಬಂದು ರಕ್ಷಣೆ ಕೊಡುತ್ತದೆ. ನಿಂತ ಕಾರಿನಲ್ಲಿ ಅದು ಸರಿಯಾಗಿ ನಡೆಯುವುದಿಲ್ಲ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್ ಸೇರಿ ರಬ್ಬರನ್ನು ಗಡುಸಾಗಿಸುತ್ತವೆ. ಒಳಗಿನ ಪದರಗಳ ಹಿಡಿತ ಸಡಿಲವಾಗುತ್ತದೆ. ಹೊರಗೆ ಏನೂ ಕಾಣಿಸದಿರಬಹುದು. ನಂತರ ಒಂದು ದಿನ ಕಾರಿನ ತುಂಬ ಜನ, ಡಿಕ್ಕಿಯ ತುಂಬ ಸಾಮಾನು, ಮೇ ತಿಂಗಳ ಬಿಸಿಲು, ಜೊತೆಗೆ ಗಾಳಿ ಕಡಿಮೆ. ಆ ಶಾಖಕ್ಕೆ ಟಯರಿನ ಮೇಲ್ಪದರವೇ ಕಿತ್ತು ಬರಬಹುದು.

ಶಾಖ ಎಂತಹ ಶತ್ರುವೆಂಬುದಕ್ಕೆ ಗಲ್ಫ್‌ನಿಂದಲೇ ಸಾಕ್ಷಿಯಿದೆ. ಮೇಲ್ಪದರ ಕಿತ್ತು ಬರುತ್ತಿದೆಯೆಂಬ ದೂರುಗಳ ಮೇಲೆ 1999ರಲ್ಲಿ ಫೋರ್ಡ್ ಕಂಪೆನಿಯು ಸೌದಿ ಅರೇಬಿಯ ಮತ್ತು ನೆರೆ ದೇಶಗಳಲ್ಲಿ ತನ್ನ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟಯರ್‌ಗಳನ್ನು ಬದಲಾಯಿಸಿಕೊಟ್ಟಿತು. ಮರುವರ್ಷ, 2000ದ ಆಗಸ್ಟ್‌ನಲ್ಲಿ, ಅಮೆರಿಕದಲ್ಲೇ ಸುಮಾರು 65 ಲಕ್ಷ ಟಯರ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಷ್ಟರಲ್ಲಿ ಹಲವರು ಪ್ರಾಣ ಕಳೆದುಕೊಂಡಿದ್ದರು. ಆ ಟಯರಿನ ದೋಷಕ್ಕೆ ಶಾಖ, ವೇಗ, ಭಾರ, ಕಡಿಮೆ ಗಾಳಿ ಸೇರಿ ಅನಾಹುತ ಹೆಚ್ಚಿಸಿದ್ದವು. ಗಾಳಿ ಕಡಿಮೆಯಾದರೆ ದೀಪ ಉರಿಸಿ ಎಚ್ಚರಿಸುವ ವ್ಯವಸ್ಥೆ ಅಲ್ಲಿನ ಹೊಸ ಕಾರುಗಳಲ್ಲಿ ಕಡ್ಡಾಯವಾಗಿದ್ದು ಆ ಬಳಿಕವೇ. ರಿಯಾದ್‌ನಿಂದ ಮಕ್ಕಾಕ್ಕೆ ಕಾರಿನಲ್ಲಿ ಹೋಗುವ ನಮ್ಮವರು ಮರುಭೂಮಿಯಲ್ಲಿ 800 ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತಾರೆ. ಹೊರಡುವ ಮುನ್ನ ಟಯರ್ ನೋಡಿದಿರಾ ಎಂದು ಫೋನಿನಲ್ಲಿ ಒಂದು ಮಾತು ಕೇಳಿ.

ಇನ್ನು ನೀವು ಮಾಡಬೇಕಾದುದೇನು? ಟಯರಿನ ಬದಿಯಲ್ಲಿ ಇಂಗ್ಲಿಷಿನ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಹೊರಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ಹುಡುಕಿ. ಐದು ವರ್ಷ ದಾಟಿದ್ದರೆ ಪ್ರತಿ ವರ್ಷ ಟಯರ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಆರು ವರ್ಷಕ್ಕೆ ಬದಲಾಯಿಸಬೇಕೆಂದು ಅನೇಕ ಕಾರು ಕಂಪೆನಿಗಳು ಹೇಳುತ್ತವೆ. ಹತ್ತು ವರ್ಷ ದಾಟಿದ್ದನ್ನಂತೂ ಎಷ್ಟೇ ಹೊಳೆಯುತ್ತಿದ್ದರೂ ಇಟ್ಟುಕೊಳ್ಳಬೇಡಿ. ಬದಿಯಲ್ಲಿ ಸಣ್ಣ ಬಿರುಕು ಅಥವಾ ಉಬ್ಬು ಕಂಡರೆ ವಯಸ್ಸು ಕೇಳಬೇಕಾಗಿಯೇ ಇಲ್ಲ. ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಆ ಟಯರ್ ಕಾರಿಗೆ ಅನರ್ಹ. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಮರೆಯಬೇಡಿ, ಅದಕ್ಕೂ ವಯಸ್ಸಾಗುತ್ತದೆ.

ಹೊಸ ಟಯರ್ ಕೊಳ್ಳುವಾಗಲೂ ಆ ನಾಲ್ಕು ಅಂಕೆಗಳನ್ನು ಓದಿ. ಅಂಗಡಿಯ ಮೂಲೆಯಲ್ಲಿ ಮೂರು ವರ್ಷ ಕುಳಿತಿದ್ದರೆ ಬೇಡವೆನ್ನಿ. ಐ.ಎಸ್.ಐ. ಗುರುತು ಇದೆಯೇ ನೋಡಿ. ಎರಡೇ ಟಯರ್ ಬದಲಾಯಿಸುವುದಾದರೆ ಹೊಸದನ್ನು ಹಿಂದಿನ ಗಾಲಿಗಳಿಗೆ ಹಾಕಿಸಿ. ಹಿಂಗಾಲಿಗಳು ಹಿಡಿತ ತಪ್ಪಿದರೆ ಮಳೆಯಲ್ಲಿ ಕಾರು ಗಿರ್ರನೆ ತಿರುಗಿಬಿಡುತ್ತದೆ. ಗಾಳಿ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಕಾರು ಓಡುವ ಮೊದಲು, ಟಯರ್ ತಂಪಾಗಿರುವಾಗಲೇ ಪರೀಕ್ಷಿಸಬೇಕು.

ದಾರಿಯಲ್ಲಿ ಟಯರ್ ಕೈಕೊಟ್ಟರೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದು, ನಿಧಾನವಾಗಿ ವೇಗ ಇಳಿಸಿ ಬದಿಗೆ ಬನ್ನಿ. ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ. ಜಾಕ್ ಏರಿಸುವ ಮೊದಲೇ ನಟ್‌ಗಳನ್ನು ಸ್ವಲ್ಪ ಸಡಿಲಿಸಿ. ಕೈಬಲ ಸಾಲದಿದ್ದರೆ ಸ್ಪ್ಯಾನರನ್ನು ಕಾಲಿನಿಂದ ಒತ್ತಬಹುದು. ಸ್ಟೆಪ್ನಿ ಹಾಕಿದ ಬಳಿಕ ಎದುರು ಬದುರಾಗಿ ನಟ್ ಬಿಗಿಗೊಳಿಸಿ. ಇದನ್ನು ಮನೆಯಂಗಳದಲ್ಲಿ ಒಮ್ಮೆ ಅಭ್ಯಾಸ ಮಾಡಿದರೆ, ಹೆಣ್ಣುಮಕ್ಕಳೂ ನಿರಾಯಾಸವಾಗಿ ಕಲಿಯುತ್ತಾರೆ.

ನಾಲ್ಕು ಟಯರ್ ಒಟ್ಟಿಗೆ ಕೊಳ್ಳುವುದು ಸಣ್ಣ ಖರ್ಚಲ್ಲ, ನಿಜ. ಆದ್ದರಿಂದ ಮೊದಲೇ ಲೆಕ್ಕ ಹಾಕಿ ಪ್ರತಿ ತಿಂಗಳು ಸ್ವಲ್ಪ ತೆಗೆದಿಡಿ. ಮನೆಯಲ್ಲಿ ಮುಂದಿನ ಪ್ರಯಾಣದ ಮಾತು ಬಂದಾಗ, ಉಡುಪು, ತಿಂಡಿ, ಉಡುಗೊರೆಗಳ ಚರ್ಚೆಗೂ ಮುನ್ನ ಟಾರ್ಚ್ ಹಿಡಿದು ಅಂಗಳಕ್ಕಿಳಿಯಿರಿ. ಆ ನಾಲ್ಕು ಅಂಕೆಗಳನ್ನು ಓದಲು ಐದು ನಿಮಿಷ ಸಾಕು.