ಸಿಂಹ ತೆಲುಗಿನಲ್ಲಿ ಹಾಡಿತು, ಕನ್ನಡದಲ್ಲಿ ಏಕಿಲ್ಲ?

ಮಧುಗಿರಿ: 2024ರ ಡಿಸೆಂಬರ್ 20ರಂದು ಡಿಸ್ನಿ ಸಂಸ್ಥೆಯ ‘ಮುಫಾಸಾ: ದಿ ಲಯನ್ ಕಿಂಗ್’ ಭಾರತದಲ್ಲಿ ತೆರೆಕಂಡಿತು. ಕಂಪ್ಯೂಟರಿನಲ್ಲಿ ಮೂಡಿದ ಸಿಂಹ, ಮಂಗ, ಕಾಡುಹಂದಿಗಳು ಮಾತನಾಡುವ, ಹಾಡಿ ಕುಣಿಯುವ ಚಿತ್ರವದು. ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗು ಅವತರಣಿಕೆಗಳೂ ಬಂದವು. ಮುಫಾಸನಿಗೆ ಹಿಂದಿಯಲ್ಲಿ ಶಾರುಖ್ ಖಾನ್, ತೆಲುಗಿನಲ್ಲಿ ಮಹೇಶ್ ಬಾಬು ದನಿಯಾದರು. ಕನ್ನಡದಲ್ಲಿ ಮಾತ್ರ ಸಿಂಹ ಬಾಯಿ ಬಿಡಲಿಲ್ಲ. 2019ರಲ್ಲಿ ‘ದಿ ಲಯನ್ ಕಿಂಗ್’ ಬಂದಾಗಲೂ, ಅದಕ್ಕೂ ಮುನ್ನ 2016ರಲ್ಲಿ ‘ದಿ ಜಂಗಲ್ ಬುಕ್’ ಬಂದಾಗಲೂ ನಡೆದದ್ದು ಇದೇ.

ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವ, ಮಲ್ಟಿಪ್ಲೆಕ್ಸಿನ ಸನಿಹದಲ್ಲಿರುವ ನಗರವಾಸಿಗಳಿಗೆ ಇದು ದೊಡ್ಡ ಸಂಗತಿ ಎನಿಸದಿರಬಹುದು. ಆದರೆ ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಿಂದ ನೋಡಿದರೆ ಚಿತ್ರ ಬೇರೆ. ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೇ ಇಲ್ಲಿನ ಹಳ್ಳಿಗಳಿಗೆ ಆಧಾರ. ಪಾವಗಡವನ್ನಂತೂ ಆಂಧ್ರಪ್ರದೇಶದ ನೆಲ ಬಹುಪಾಲು ಸುತ್ತುವರಿದಿದೆ. ಅಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಎಷ್ಟೋ ಮಕ್ಕಳ ನಿತ್ಯದ ಬದುಕು. ಶಿರಾದ ಅನೇಕ ಮನೆಗಳಲ್ಲಿ ಉರ್ದು ಇದೆ.

ಹೀಗಾಗಿ ಪಾವಗಡದ ಮಗುವಿಗೆ ತೆಲುಗಿನ ಸಿಂಹ ದಕ್ಕುತ್ತದೆ. ಗಡಿಯಾಚೆ ಮಡಕಶಿರಾ, ಹಿಂದೂಪುರಗಳಿವೆ. ಉರ್ದು ಬಲ್ಲ ಮಗುವಿಗೆ ಹಿಂದಿಯ ಸಿಂಹ ಅರ್ಥವಾದೀತು. ಕನ್ನಡವೊಂದನ್ನೇ ಬಲ್ಲ ಕೊರಟಗೆರೆಯ ಮಗುವಿಗೆ ಯಾವುದೂ ಇಲ್ಲ. ದೂರು ತೆಲುಗಿನ ಮೇಲಲ್ಲ. ಕರ್ನಾಟಕದ ಶಾಲೆಯಲ್ಲಿ ಕನ್ನಡ ಕಲಿಯುತ್ತಿರುವ ಮಗುವಿಗೆ, ಆ ಭಾಷೆ ಪಾಠಕ್ಕೆ ಮಾತ್ರ, ಬೆರಗಿಗೆ ಬೇರೆ ಭಾಷೆ ಎಂದು ಚಿತ್ರಮಂದಿರವೇ ಹೇಳಿಕೊಡುತ್ತಿದೆಯಲ್ಲ, ಆತಂಕ ಅದರದು.

ಇದಕ್ಕೆ ಮೂಲ 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯಲ್ಲಿದೆ. ಅ.ನ. ಕೃಷ್ಣರಾಯರಂಥವರು ದನಿಯೆತ್ತಿದ ಆ ದಿನಗಳಲ್ಲಿ ಕನ್ನಡ ಚಿತ್ರೋದ್ಯಮ ಮದರಾಸಿನ ನೆರಳಿನಲ್ಲಿತ್ತು. ಪರಭಾಷಾ ಚಿತ್ರಗಳು ಕನ್ನಡದ ವೇಷ ತೊಟ್ಟು ಬಂದರೆ ಇಲ್ಲಿನ ಕಲಾವಿದರಿಗೆ, ತಂತ್ರಜ್ಞರಿಗೆ ಅನ್ನವಿಲ್ಲ ಎಂಬ ಭಯ ನಿಜವಾಗಿತ್ತು. ಆ ಹೊತ್ತಿಗೆ ಆ ನಿಲುವು ಸರಿಯೂ ಆಗಿತ್ತು ಎನ್ನಬೇಕು. ಕಾನೂನಿನ ಬಲವೇ ಇಲ್ಲದೆ ಅದು ಅರ್ಧ ಶತಮಾನ ನಿಂತಿತು. 2012ರಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ಕಾರ್ಯಕ್ರಮದ ಕನ್ನಡ ರೂಪಕ್ಕೂ ಚಿತ್ರೋದ್ಯಮ ತಡೆಯೊಡ್ಡಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇರೆಗೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮತ್ತಿತರ ಸಂಘಟನೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳಿನಿಂದ ‘ಸತ್ಯದೇವ್ ಐಪಿಎಸ್’ ಬಂದ ಮೇಲೆ ಅಡ್ಡಿ ಕ್ರಮೇಣ ಸಡಿಲಗೊಂಡಿತು. 2018ರಲ್ಲಿ ‘ಕೆಜಿಎಫ್’ ಹಲವು ಭಾಷೆಗಳಿಗೆ ಡಬ್ ಆಗಿ ದೇಶ ಸುತ್ತಿದ ಬಳಿಕ ವಿರೋಧದ ನೈತಿಕ ಬಲವೂ ಕುಂದಿತು.

ಅಂದರೆ ಮುಫಾಸಾ ಬರುವ ಹೊತ್ತಿಗೆ ಬಾಗಿಲಿಗೆ ಬೀಗವಿರಲಿಲ್ಲ. 2022ರಲ್ಲಿ ‘ಅವತಾರ್’ನ ಎರಡನೆಯ ಭಾಗ ಕನ್ನಡದಲ್ಲಿ ಬಂದಿತ್ತು, ಅದರ ಹಿಂದಿದ್ದುದೂ ಡಿಸ್ನಿಯೇ. 2023ರಲ್ಲಿ ‘ಸ್ಪೈಡರ್‌ಮ್ಯಾನ್’ ಅನಿಮೇಷನ್ ಚಿತ್ರವೊಂದು ಹತ್ತು ಭಾಷೆಗಳಲ್ಲಿ ತೆರೆಕಂಡಾಗ ಅವುಗಳಲ್ಲಿ ಕನ್ನಡವೂ ಒಂದಾಗಿತ್ತು. ಹಾಗಿದ್ದೂ ಹಾಡುವ ಪ್ರಾಣಿಗಳ ಸರದಿ ಬಂದಾಗ ಕನ್ನಡವನ್ನು ಬಿಟ್ಟದ್ದು ಬರೀ ಲೆಕ್ಕಾಚಾರವೆಂದೇ ತೋರುತ್ತದೆ. ಬೆಂಗಳೂರಿನ ಪ್ರೇಕ್ಷಕ ಯಾವ ಭಾಷೆಯಲ್ಲಿದ್ದರೂ ನೋಡುತ್ತಾನೆ, ಮತ್ತೊಂದು ಅವತರಣಿಕೆಯ ಖರ್ಚು ಏಕೆ ಎಂಬ ಲೆಕ್ಕ. ಇದರಲ್ಲೊಂದು ವಿಷವರ್ತುಲವಿದೆ. ಕನ್ನಡದಲ್ಲಿ ಬಾರದ ಚಿತ್ರದ ಗಳಿಕೆಯೆಲ್ಲ ಹಿಂದಿ, ತೆಲುಗು, ಇಂಗ್ಲಿಷಿನ ಖಾತೆಗೆ ಜಮೆಯಾಗುತ್ತದೆ. ಮರುವರ್ಷ ಅದೇ ಅಂಕಿ ಹಿಡಿದು ಕನ್ನಡಕ್ಕೆ ಮಾರುಕಟ್ಟೆಯಿಲ್ಲ ಎನ್ನಲಾಗುತ್ತದೆ. ಟಿಕೆಟ್ಟನ್ನೇ ಕೊಳ್ಳದ ಕೊರಟಗೆರೆಯ ಮಗು ಯಾವ ಖಾತೆಯಲ್ಲೂ ಇಲ್ಲ.

ಇನ್ನು ಡಬ್ಬಿಂಗ್ ವಿರೋಧಿಗಳ ವಾದ. ನಟನ ತುಟಿಗೂ ಮಾತಿಗೂ ಹೊಂದದ ಚಿತ್ರ ಕೃತಕ ಎನ್ನುವುದು ಅದರ ಒಂದು ಎಳೆ. ಸಿಂಹದ ವಿಷಯದಲ್ಲಿ ಈ ಮಾತು ನಿಲ್ಲದು. ಅನಿಮೇಷನ್ ಪ್ರಾಣಿಗೆ ತಾಯ್ನುಡಿಯಿಲ್ಲ. ಇಂಗ್ಲಿಷಿನಲ್ಲೂ ಅದು ಸ್ಟುಡಿಯೋದಲ್ಲಿ ಕುಳಿತವರ ಕಂಠವನ್ನೇ ಕಡ ಪಡೆಯುತ್ತದೆ. ಉದ್ಯೋಗದ ವಾದವೂ ಇಲ್ಲಿ ತಿರುಗಿ ನಿಲ್ಲುತ್ತದೆ. ಹಾಡುಗಳನ್ನು ಕನ್ನಡಕ್ಕೆ ಹೊಸದಾಗಿ ಬರೆಯಬೇಕು, ಕನ್ನಡದ ಗಾಯಕರೇ ಹಾಡಬೇಕು, ಹತ್ತಾರು ಕಂಠದಾನ ಕಲಾವಿದರು ಬೇಕು.

ಪ್ರಾಣಿಗಳಿಂದ ಹಾಡಿಸುವುದು ಕನ್ನಡಕ್ಕೆ ಹೊಸತೂ ಅಲ್ಲ. ಪಂಜೆ ಮಂಗೇಶರಾಯರ ನಾಗರಹಾವನ್ನು, ಜಿ.ಪಿ. ರಾಜರತ್ನಂ ಅವರ ನಾಯಿಮರಿಯನ್ನು ಅರಿಯದ ಕನ್ನಡ ಶಾಲೆ ಇಲ್ಲವೆಂದರೂ ನಡೆದೀತು. ಗೋವಿನ ಹಾಡಿನಲ್ಲಿ ಹಸುವೂ ಹುಲಿಯೂ ಸಂವಾದಿಸಿ ಎಷ್ಟು ತಲೆಮಾರುಗಳ ಮಕ್ಕಳನ್ನು ಅಳಿಸಿವೆ! ಆ ಕಥೆಯನ್ನೇ ಆಧರಿಸಿ ಬೆಂಗಳೂರಿನ ರವಿಶಂಕರ್ ವಿ. ನಿರ್ದೇಶಿಸಿದ ‘ಪುಣ್ಯಕೋಟಿ’ ಅನಿಮೇಷನ್ ಚಿತ್ರಕ್ಕೆ ಇಳಯರಾಜ ಸಂಗೀತವಿದೆ. 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ಅದರ ಭಾಷೆ ಸಂಸ್ಕೃತ. ಅದು ನಿರ್ದೇಶಕರ ಆಯ್ಕೆ, ಸಾಧನೆಯೂ ಹೌದು. ಆದರೂ ಕನ್ನಡದ ಹಸು ತೆರೆಯ ಮೇಲೆ ಸಂಸ್ಕೃತದಲ್ಲಿ ಮಾತನಾಡಿದಾಗ ಕನ್ನಡಿಗನಿಗೆ ತುಸು ಕಸಿವಿಸಿಯಾದರೆ ತಪ್ಪೆಣಿಸಲಾಗದು.

ಕಡೆಗೆ ಕನ್ನಡದಲ್ಲಿ ಗರ್ಜಿಸಿದ್ದು ನರಸಿಂಹ. ಅಶ್ವಿನ್ ಕುಮಾರ್ ನಿರ್ದೇಶನದ, ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರ ಜುಲೈ 25ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದು, ದೇಶದ ಅನಿಮೇಷನ್ ಚಿತ್ರಗಳ ಗಳಿಕೆಯ ದಾಖಲೆಯನ್ನೇ ಮುರಿಯಿತು. ಪುರಾಣಕ್ಕೆ ದೊಡ್ಡವರೂ ಬರುತ್ತಾರೆ, ಅದು ಬೇರೆ ಮಾತು. ಆದರೆ ಅನಿಮೇಷನ್ ಎಂದರೆ ನಷ್ಟ ಎಂಬ ಹಳೆಯ ನೆಪಕ್ಕೆ ಇನ್ನು ಜಾಗವಿಲ್ಲ.

ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಪ್ರಾಣಿಗಳು ದೂರದವೇನಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಚಿಂಕಾರಗಳಿಗೆ ಮೀಸಲಾಗಿದೆ. ದೀಪದ ಎಣ್ಣೆಯ ಆಸೆಗೆ ಕರಡಿ ದೇಗುಲದ ಬಾಗಿಲು ಮುರಿಯಿತೆಂಬ ಸುದ್ದಿ ಈ ಭಾಗದ ವರದಿಗಾರರಿಗೆ ಹಳತು. ‘ಜಂಗಲ್ ಬುಕ್’ನ ಬಾಲೂ ಕೂಡ ಕರಡಿಯೇ. ರಾತ್ರಿ ಹೊಲಕ್ಕೆ ನುಗ್ಗುವ ಕರಡಿಗೆ ಹೆದರುವ ಮಗು, ತೆರೆಯ ಮೇಲೆ ಹಾಡುವ ಕರಡಿಯನ್ನು ತನ್ನದೇ ಮಾತಿನಲ್ಲಿ ಕೇಳಿದರೆ ಎಷ್ಟು ನಗಬಹುದು!

ಮುಂದಿನ ಪ್ರಾಣಿ ಚಿತ್ರ ಬರುವ ಮುನ್ನ ವಾಣಿಜ್ಯ ಮಂಡಳಿ ಮುಂಬೈಯ ವಿತರಕರಿಗೆ ಕನ್ನಡ ಅವತರಣಿಕೆ ಕೋರಿ ಒಂದು ಪತ್ರ ಬರೆಯಬಹುದು. ಡಬ್ಬಿಂಗ್ ಬೇಡವೆಂದು ಅದು ಬರೆದ ಪತ್ರಗಳಿಗೆ ಹೋಲಿಸಿದರೆ ಇದೇನು ದೊಡ್ಡ ಶ್ರಮವಲ್ಲ.