ನಡುಮನೆಯ ಟಿ.ವಿ.ಗೆ ಒಬ್ಬನೇ ಯಜಮಾನನೆ?

ಕಳೆದ ದೀಪಾವಳಿಯ ಸಂತೋಷಕೂಟದಲ್ಲಿ, ಊಟದ ಸಾಲಿನಲ್ಲಿ ನಿಂತಿದ್ದಾಗ, ಮಿತ್ರರೊಬ್ಬರು ಹೆಮ್ಮೆಯಿಂದ ಹೇಳಿದರು: "ನಮ್ಮ ಮನೆಯಲ್ಲಿ ರಿಮೋಟ್ ಎಂಬ ವಸ್ತುವೇ ಇಲ್ಲ. ಎಲ್ಲವೂ ಫೋನಿನಿಂದಲೇ." ಸುತ್ತಲಿದ್ದವರು ತಲೆದೂಗಿದರು. ನಾನೂ ತಲೆದೂಗಿದೆ. ಎರಡು ವರ್ಷಗಳ ಹಿಂದಿನವರೆಗೆ ಇದೇ ಮಾತನ್ನು ಇಷ್ಟೇ ಹೆಮ್ಮೆಯಿಂದ ಹೇಳುತ್ತಿದ್ದವನು ನಾನು. ಆದರೆ ಮನೆಗೆ ಮರಳುವ ದಾರಿಯಲ್ಲಿ ಆ ತಲೆದೂಗಿದ್ದು ನನ್ನನ್ನು ಚುಚ್ಚತೊಡಗಿತು. ಅಂದು ಅಲ್ಲಿಯೇ ಹೇಳಬೇಕಾಗಿದ್ದುದನ್ನು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ. ಫೋನಿನಿಂದ ಮಾತ್ರ ನಡೆಯುವ ಟಿ.ವಿ.ಯು ಮನೆಮಂದಿಯ ಟಿ.ವಿ.ಯಲ್ಲ, ಅದು ಫೋನಿನ ಒಡೆಯನ ಟಿ.ವಿ. ಊರಿನಿಂದ ತಂದೆತಾಯಿಯರನ್ನು ಕರೆಸಿಕೊಳ್ಳುವ ನಮ್ಮಂಥವರ ಮನೆಗಳಲ್ಲಿ ಅದನ್ನು ಸೌಕರ್ಯವೆಂದು ಕರೆಯುವುದು ತಪ್ಪು. ಅದು ಹಿರಿಯರಿಗೆ ನಾವು ಮಾಡುತ್ತಿರುವ ಅನ್ಯಾಯ.

ಮಾತು ಕಟುವೆನಿಸಿದರೆ, ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ ಅಕ್ಟೋಬರಿನಲ್ಲಿ ಸಾಗರದ ಕಡೆಯಿಂದ ಅಮ್ಮ ಬಂದಳು. ಆರು ತಿಂಗಳ ಸಂದರ್ಶಕ ವೀಸಾ. ಇಂಗ್ಲೆಂಡಿನ ಚಳಿಗಾಲ ಹೇಗಿರುತ್ತದೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಹೊತ್ತಿಗೆಲ್ಲ ಕತ್ತಲು. ನೆರೆಯವರೊಡನೆ ಮಾತಾಡಲು ಭಾಷೆಯಿಲ್ಲ. ಒಬ್ಬಳೇ ಹೊರಗೆ ಹೋಗಲು ಧೈರ್ಯವಿಲ್ಲ. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಬೆಳಿಗ್ಗೆ ಹೊರಡುವ ಮೊದಲು ನಾನು ಫೋನಿನಲ್ಲಿ ಯಾವುದಾದರೊಂದು ತಾಳಮದ್ದಲೆಯನ್ನೋ ಹರಿಕಥೆಯನ್ನೋ ಹುಡುಕಿ, ಅದನ್ನು ಟಿ.ವಿ.ಗೆ ಕಳಿಸಿ, "ಆರಾಮಾಗಿ ನೋಡ್ತಿರು" ಎಂದು ಹೇಳಿ ಬಾಗಿಲೆಳೆದುಕೊಂಡು ಹೋಗುತ್ತಿದ್ದೆ. ಕರ್ತವ್ಯ ಮುಗಿಯಿತೆಂಬ ಸಮಾಧಾನ ನನ್ನದು.

ಮೂರು ವಾರಗಳ ನಂತರ ಒಂದು ಸಂಜೆ ಕೇಳಿದೆ, "ಇವತ್ತು ಏನು ನೋಡಿದೆ ಅಮ್ಮ?"

"ಬೆಟ್ಟ ಗುಡ್ಡ ಬರ್ತಿತ್ತಲ್ಲ, ಅದನ್ನೇ ನೋಡ್ತಾ ಕೂತಿದ್ದೆ ಮಾರಾಯ. ಒಂದು ನಮ್ಮ ಕೊಡಚಾದ್ರಿ ಹಾಗೇ ಕಂಡ್ತು."

ನನಗೆ ಅರ್ಥವಾಗಲು ಕ್ಷಣ ಬೇಕಾಯಿತು. ಕಾರ್ಯಕ್ರಮವಿಲ್ಲದಾಗ ಟಿ.ವಿ.ಗೆ ಸಿಕ್ಕಿಸಿದ ಆ ಪುಟ್ಟ ಸಾಧನ ನಾನಾ ದೇಶಗಳ ನಿಸರ್ಗಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತಿರುತ್ತದೆ. ನಾನು ಹಚ್ಚಿಟ್ಟು ಹೋದದ್ದು ಮುಗಿದ ಮೇಲೆ, ಅಥವಾ "ಇನ್ನೂ ನೋಡುತ್ತಿದ್ದೀರಾ?" ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿ ಉತ್ತರ ಬಾರದೆ ಸುಮ್ಮನಾದ ಮೇಲೆ, ಅಮ್ಮನ ಮುಂದೆ ಉಳಿಯುತ್ತಿದ್ದುದು ಆ ಚಿತ್ರಗಳು ಮಾತ್ರ. ಉತ್ತರಿಸಬೇಕಾದ ಫೋನು ಹತ್ತು ಮೈಲಿ ದೂರದ ಕಚೇರಿಯಲ್ಲಿ ನನ್ನ ಜೇಬಿನಲ್ಲಿತ್ತು. ಟಿ.ವಿ.ಯ ಮೂಲ ರಿಮೋಟ್ ಯಾವುದೋ ಡ್ರಾಯರಿನಲ್ಲಿ ಬ್ಯಾಟರಿಯಿಲ್ಲದೆ ಬಿದ್ದಿತ್ತು. ಅಡಕೆ ಮಂಡಿಯ ಲೆಕ್ಕವನ್ನು ಮೂವತ್ತು ವರ್ಷ ಬಾಯಲ್ಲೇ ಇಟ್ಟುಕೊಂಡು ಸಂಸಾರ ನಡೆಸಿದವಳು, ಮಗನ ಮನೆಯಲ್ಲಿ ಯಾವುದೋ ದೇಶದ ಬೆಟ್ಟಗಳಲ್ಲಿ ಕೊಡಚಾದ್ರಿಯನ್ನು ಹುಡುಕುತ್ತ ಕುಳಿತಿದ್ದಳು. ದೂರಲಿಲ್ಲ. ದೂರಿಕೊಳ್ಳುವ ಅಭ್ಯಾಸ ಆ ತಲೆಮಾರಿಗೆ ಇಲ್ಲ. ಆದ್ದರಿಂದಲೇ ನಮ್ಮ ತಪ್ಪುಗಳು ನಮಗೆ ತಿಳಿಯುವುದೂ ಇಲ್ಲ.

"ಇದು ತಂತ್ರಜ್ಞಾನದ ಮಿತಿ, ನಿಮ್ಮ ತಪ್ಪೇನು?" ಎಂದು ಕೆಲವರು ನನ್ನನ್ನು ಸಮಾಧಾನಪಡಿಸಿದ್ದಾರೆ. ಆ ಸಮಾಧಾನವನ್ನು ನಾನು ಒಪ್ಪಲಾರೆ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಯಾರೂ ಒಪ್ಪಲಾರರು. ತಂತಿಯಿಲ್ಲದೆ ಫೋನಿನ ದೃಶ್ಯವನ್ನು ಟಿ.ವಿ.ಗೆ ತರಲು ಎರಡು ಬಗೆಗಳಿವೆ. ಮೊದಲನೆಯದು ಫೋನಿನ ಪರದೆಯನ್ನೇ ಯಥಾವತ್ತಾಗಿ ಟಿ.ವಿ.ಯಲ್ಲಿ ಮೂಡಿಸುವುದು, 2012ರಲ್ಲಿ ಬಂದ ಮಿರಾಕಾಸ್ಟ್ ಈ ಬಗೆಯದು. ಇಲ್ಲಿ ಫೋನು ಪ್ರತಿಯೊಂದು ಚಿತ್ರವನ್ನೂ ತಾನೇ ಹೊತ್ತು ಸಾಗಿಸಬೇಕು. ಎರಡನೆಯದು 2013ರಲ್ಲಿ ಗೂಗಲ್ 35 ಡಾಲರಿಗೆ ಮಾರಾಟಕ್ಕಿಟ್ಟ ಕ್ರೋಮ್‌ಕಾಸ್ಟ್ ಜನಪ್ರಿಯಗೊಳಿಸಿದ ಬಗೆ. ನಮ್ಮ ಮನೆಗಳಲ್ಲಿ ಯೂಟ್ಯೂಬನ್ನು "ಟಿ.ವಿ.ಗೆ ಹಾಕುವುದು" ಬಹುಮಟ್ಟಿಗೆ ಹೀಗೆಯೇ. ಇದರಲ್ಲಿ ಫೋನು ವಿಡಿಯೊವನ್ನು ಕಳಿಸುವುದೇ ಇಲ್ಲ. ದಿನಸಿ ಅಂಗಡಿಗೆ ಚೀಟಿ ಕಳಿಸಿದ ಹಾಗೆ, ಇಂಥ ವಿಡಿಯೊ ಇಂಥಲ್ಲಿದೆ ಎಂಬ ವಿಳಾಸವನ್ನಷ್ಟೇ ಕೊಡುತ್ತದೆ. ಚೀಟಿ ಒಯ್ದ ಹುಡುಗ ಅಕ್ಕಿಮೂಟೆ ಹೊರುವುದಿಲ್ಲ. ಅಂಗಡಿಯವನೇ ಮನೆಗೆ ಮುಟ್ಟಿಸುತ್ತಾನೆ. ಹಾಗೆಯೇ ಟಿ.ವಿ.ಗೆ ಸಿಕ್ಕಿಸಿದ ಸಾಧನವು ಅಂತರ್ಜಾಲದಿಂದ ವಿಡಿಯೊವನ್ನು ನೇರವಾಗಿ ತಾನೇ ತರಿಸಿಕೊಳ್ಳುತ್ತದೆ. ಅದಕ್ಕಾಗಿಯೇ ನಾನು ಫೋನಿನೊಂದಿಗೆ ಕಚೇರಿಗೆ ಹೋದರೂ ತಾಳಮದ್ದಲೆ ನಿಲ್ಲುತ್ತಿರಲಿಲ್ಲ.

ಈಗ ಯೋಚಿಸಿರಿ. ತರುವ ಕೆಲಸವನ್ನೆಲ್ಲ ಟಿ.ವಿ.ಯ ಕಡೆಯೇ ಮಾಡುವಾಗ, ಚೀಟಿ ಬರೆಯುವ ಅಧಿಕಾರ ಒಬ್ಬನ ಫೋನಿಗೆ ಮಾತ್ರ ಇರಬೇಕೆಂಬ ತಾಂತ್ರಿಕ ಅಗತ್ಯವೇನೂ ಇಲ್ಲ. ಅದೇ ವೈಫೈಯಲ್ಲಿರುವ ಯಾವ ಫೋನಾದರೂ ಆ ಚೀಟಿಯನ್ನು ಬರೆಯಬಹುದು. ಅಮ್ಮನ ಬಳಿಯೂ ಫೋನಿತ್ತು. ಹಾಗಾದರೆ ಅವಳ ಫೋನಿನಲ್ಲಿ ಟಿ.ವಿ.ಗೆ ಕಳಿಸುವ ಗುರುತು ಏಕೆ ಕಾಣಿಸಲಿಲ್ಲ? ಅದಕ್ಕೆ ಕಾರಣ ನಾನೇ. ಭದ್ರತೆಯ ದೃಷ್ಟಿಯಿಂದ, ಬಂದುಹೋಗುವವರಿಗೆಂದು ಪ್ರತ್ಯೇಕವಾಗಿಟ್ಟ ವೈಫೈಗೆ ಅವಳ ಫೋನನ್ನು ಜೋಡಿಸಿದ್ದೆ. ಇಂಥ ಅತಿಥಿಜಾಲದಲ್ಲಿರುವ ಫೋನುಗಳಿಗೆ ಅಂತರ್ಜಾಲ ಸಿಗುತ್ತದೆ, ಮನೆಯ ಇತರ ಸಾಧನಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲ; ಅದರ ಉದ್ದೇಶವೇ ಅದು. ಹೆತ್ತ ತಾಯಿಯನ್ನು ನಾನು ನನ್ನ ಮನೆಯಲ್ಲಿ ಅತಿಥಿಗಳ ಜಾಲದಲ್ಲಿ ಇಟ್ಟಿದ್ದೆ. ಆಮೇಲೆ ಅವಳಿಗೆ ಟಿ.ವಿ. ಬಳಸಲು ಬರುವುದಿಲ್ಲವೆಂದು ನಾನೇ ಮರುಗಿದ್ದೆ.

ಈ ವಾದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಅವುಗಳನ್ನು ನಾನೇ ಬಹಳ ಕಾಲ ಆಡಿದ್ದೇನೆ.

ಮೊದಲನೆಯದು: "ಹಿರಿಯರಿಗೆ ಇವೆಲ್ಲ ಕಲಿಯಲಾಗುವುದಿಲ್ಲ." ಇದೇ ಹಿರಿಯರು ವಾಟ್ಸಾಪಿನಲ್ಲಿ ದಿನವೂ ಶುಭೋದಯ ಕಳಿಸುತ್ತಾರೆ, ಮೊಮ್ಮಕ್ಕಳನ್ನು ನೋಡಲು ವಿಡಿಯೊ ಕರೆ ಮಾಡುತ್ತಾರೆ, ಊರಿನ ತರಕಾರಿ ಅಂಗಡಿಯಲ್ಲಿ ಫೋನಿನಿಂದಲೇ ಹಣ ಕೊಡುತ್ತಾರೆ. ಬೇಕೆನಿಸಿದ್ದನ್ನು ಅವರು ಕಲಿತಿದ್ದಾರೆ, ಕಲಿಸುವವರು ಪಕ್ಕದಲ್ಲಿ ತಾಳ್ಮೆಯಿಂದ ಕುಳಿತಾಗ. ನಾವು ಕಲಿಸುವುದು ಹೇಗೆ? ಫೋನನ್ನು ಕಸಿದುಕೊಂಡು, ನಾಲ್ಕು ಕಡೆ ಒತ್ತಿ, "ನೋಡಿದ್ಯಾ, ಇಷ್ಟೇ" ಎಂದು ಹಿಂದಿರುಗಿಸುತ್ತೇವೆ. ಹಾಗೆ ಕಲಿಸಿದ್ದರೆ ನಮಗೆ ಮಗ್ಗಿಯೂ ಬರುತ್ತಿರಲಿಲ್ಲ.

ಎರಡನೆಯದು: "ಅವರು ತಮ್ಮ ಫೋನಿನಲ್ಲೇ ನೋಡುತ್ತಾರಲ್ಲ, ಟಿ.ವಿ. ಏಕೆ?" ಪೊರೆ ತೆಗೆಸಿಕೊಂಡ ಕಣ್ಣಿಗೆ ಅಂಗೈಯಗಲದ ಪರದೆ ಎಷ್ಟು ಹಿತವೆಂದು ಅವರನ್ನೇ ಕೇಳಬೇಕು. ಆದರೆ ನನ್ನ ಮುಖ್ಯ ಉತ್ತರ ಬೇರೆ. ಫೋನಿನಲ್ಲಿ ನೋಡುವುದು ಒಬ್ಬರೇ ನೋಡುವುದು. ಕೋಣೆಯ ಮೂಲೆಯಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಅಜ್ಜಿ ಕೇಳುವ ಕನ್ನಡ ಮೊಮ್ಮಗಳ ಕಿವಿಗೆ ಬೀಳುವುದಿಲ್ಲ. ನಮ್ಮ ಮನೆಯ ವ್ಯವಸ್ಥೆ ಬದಲಾದ ಮೇಲೆ ಒಂದು ಸಂಜೆ 'ಕೃಷ್ಣಸಂಧಾನ'ದ ತಾಳಮದ್ದಲೆ ನಡೆದಿತ್ತು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತು ಮಾತಾಡುತ್ತಿದ್ದಾರೆ. ಮಗಳು ಬಂದು ಕೇಳಿದಳು, "ಅಜ್ಜಿ, ಇವರು ಜಗಳ ಆಡ್ತಿದಾರಾ?" "ಜಗಳ ಅಲ್ಲ ಪುಟ್ಟಿ, ಅರ್ಥ ಹೇಳ್ತಿದಾರೆ. ಇವನು ಕೃಷ್ಣ, ಅವನು ಕೌರವ." ಅರ್ಧ ಗಂಟೆ ಅಲ್ಲಿಯೇ ಕುಳಿತಳು. ನಾವು ಶನಿವಾರದ ಕನ್ನಡ ಶಾಲೆಗೆ ಸ್ವಯಂಸೇವಕರನ್ನು ಹುಡುಕುತ್ತೇವೆ, ಪಠ್ಯ ತರಿಸುತ್ತೇವೆ, ಮಕ್ಕಳು ಉತ್ಸಾಹ ತೋರುವುದಿಲ್ಲವೆಂದು ಕೊರಗುತ್ತೇವೆ. ಆದರೆ ನಡುಮನೆಯಲ್ಲಿ, ಆರು ತಿಂಗಳು, ಶುಲ್ಕವಿಲ್ಲದೆ ದೊರೆಯುವ ಉಪಾಧ್ಯಾಯಿನಿಯ ಕೈಯಿಂದ ಕರಿಹಲಗೆಯನ್ನು ಕಿತ್ತುಕೊಂಡಿದ್ದೇವೆ.

ಮೂರನೆಯ ಆಕ್ಷೇಪದಲ್ಲಿ ನಿಜವಾದ ತೂಕವಿದೆ: "ರಿಮೋಟ್ ಹೊರಗಿದ್ದರೆ ಮಕ್ಕಳು ದಿನವಿಡೀ ಟಿ.ವಿ. ಮುಂದೆ ಕೂರುತ್ತಾರೆ. ಫೋನು ನಮ್ಮ ಕೈಯಲ್ಲಿದ್ದರೆ ಹಿಡಿತವಿರುತ್ತದೆ." ಆತಂಕ ಸಹಜವಾದದ್ದು. ಆದರೆ ಮಕ್ಕಳಿಗೆ ಹಾಕಬೇಕಾದ ಬೀಗವನ್ನು ಅಜ್ಜಿಗೆ ಹಾಕುವುದು ಯಾವ ನ್ಯಾಯ? ಮಕ್ಕಳಿಗೆ ಪ್ರತ್ಯೇಕ ಖಾತೆ ಮಾಡಬಹುದು, ಖರೀದಿಗೆ ಗುಪ್ತಸಂಖ್ಯೆ ಇಡಬಹುದು, ಹೊತ್ತು ನಿಗದಿಮಾಡಬಹುದು. ಎಲ್ಲಕ್ಕಿಂತ ಮೇಲಾಗಿ, "ಸಾಕು, ಏಳು" ಎಂದು ಹೇಳಬಲ್ಲ ಹಿರಿಯರೊಬ್ಬರು ಅಲ್ಲಿಯೇ ಕುಳಿತಿರುತ್ತಾರೆ. ಟಿ.ವಿ.ಯನ್ನು ತಾವೇ ಆರಿಸಲಾಗದ ಅಜ್ಜಿಯ ಆ ಮಾತಿಗೆ ಮೊಮ್ಮಕ್ಕಳು ಬೆಲೆ ಕೊಡುತ್ತಾರೆಯೇ?

"ಹಿಂದೆ ಎಲ್ಲರೂ ಕೂಡಿ ನೋಡುತ್ತಿದ್ದೆವು, ಆ ಕಾಲವೇ ಚೆನ್ನ" ಎಂಬ ಹಳಹಳಿಕೆ ನನ್ನದಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಆರಂಭವಾದಾಗ ನಮ್ಮ ಕೇರಿಗೆಲ್ಲ ಇದ್ದುದು ಒಂದೇ ಟಿ.ವಿ. ಭಾನುವಾರ ಬೆಳಿಗ್ಗೆ ಆ ಮನೆಯ ಜಗಲಿ ತುಂಬುತ್ತಿತ್ತು, ನಿಜ. ಆದರೆ ಯಜಮಾನರು ಬಾಗಿಲು ಹಾಕಿಕೊಂಡ ದಿನ ನಾವು ಹೊರಗೇ ನಿಲ್ಲುತ್ತಿದ್ದೆವು. ಬೇರೊಬ್ಬರ ಮರ್ಜಿಗೆ ಕಾದು ನೋಡುವುದರ ಕಹಿ ನಮ್ಮ ತಲೆಮಾರಿಗೆ ಗೊತ್ತು. ಅದನ್ನು ಗೊತ್ತಿದ್ದೂ ನಾವು ನಮ್ಮ ಹಿರಿಯರಿಗೆ ಉಣಿಸುತ್ತಿದ್ದೇವೆ ಎಂಬುದೇ ನನ್ನ ತಕರಾರು.

ಇನ್ನು, "ಮುಂದಿನ ದಿನಗಳೆಲ್ಲ ಫೋನಿನವೇ, ರಿಮೋಟ್ ಹಳೆಯ ಕಾಲದ್ದು" ಎನ್ನುವವರು ತಯಾರಕರ ನಡೆಯನ್ನೇ ಗಮನಿಸಲಿ. ಕ್ರೋಮ್‌ಕಾಸ್ಟಿನ 2013, 2015 ಮತ್ತು 2018ರ ಮಾದರಿಗಳಿಗೆ ರಿಮೋಟ್ ಇರಲಿಲ್ಲ. 2020ರ ಮಾದರಿ ರಿಮೋಟ್ ಸಮೇತ ಬಂತು. 2024ರಲ್ಲಿ ಗೂಗಲ್ ಕ್ರೋಮ್‌ಕಾಸ್ಟಿನ ತಯಾರಿಕೆಯನ್ನೇ ನಿಲ್ಲಿಸಿ, ರಿಮೋಟ್ ಸಹಿತವಾದ ಬೇರೊಂದು ಪೆಟ್ಟಿಗೆಯನ್ನು ಅದರ ಜಾಗಕ್ಕೆ ತಂದಿತು. 2025ರ ಮಾರ್ಚಿನಲ್ಲಿ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟುಗಳು ಜಗತ್ತಿನಾದ್ಯಂತ ಏಕಾಏಕಿ ಸ್ತಬ್ಧವಾದವು. ಅವುಗಳೊಳಗಿನ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ತೀರಿದ್ದು ಕಾರಣ. ಕೆಲವು ದಿನಗಳಲ್ಲಿ ಸರಿಪಡಿಸಿದರು, ಆ ಮಾತು ಬೇರೆ. ಅದೇ ವರ್ಷದ ಕೊನೆಯಲ್ಲಿ ನೆಟ್‌ಫ್ಲಿಕ್ಸ್ ಫೋನಿನಿಂದ ಹೆಚ್ಚಿನ ಹೊಸ ಟಿ.ವಿ.ಗಳಿಗೆ ಕಳಿಸುವ ಸೌಲಭ್ಯವನ್ನು ಹಿಂತೆಗೆದುಕೊಂಡು, ಟಿ.ವಿ.ಯ ರಿಮೋಟನ್ನೇ ಬಳಸಿರೆಂದು ಗ್ರಾಹಕರಿಗೆ ಸೂಚಿಸಿತು. ವ್ಯಾಪಾರಕ್ಕಾಗಿ ಈ ದಾರಿ ಹಾಕಿದವರೇ ವ್ಯಾಪಾರಕ್ಕಾಗಿ ಹಿಂದಿರುಗುತ್ತಿರುವಾಗ, ನಾವೇಕೆ ಇದನ್ನು ಪ್ರಗತಿಯೆಂದು ತಬ್ಬಿಕೊಳ್ಳಬೇಕು?

ಫೋನಿನಿಂದ ಟಿ.ವಿ.ಗೆ ಕಳಿಸುವುದನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಊರಿನ ಮದುವೆಯ ಫೋಟೊಗಳನ್ನು ಬಂದವರಿಗೆ ತೋರಿಸಲು, ಹಾಡೊಂದನ್ನು ಕೂಡಲೇ ಕೇಳಿಸಲು ಅದಕ್ಕಿಂತ ಸುಲಭೋಪಾಯವಿಲ್ಲ. ಅದು ಮನೆಯ ಏಕೈಕ ಬಾಗಿಲಾಗಬಾರದು, ಇಷ್ಟೇ. ಆದ್ದರಿಂದ, ಹಿರಿಯರು ಬರುವ ಮೊದಲು ದಯವಿಟ್ಟು ಇಷ್ಟನ್ನು ಮಾಡಿರಿ. ಟಿ.ವಿ.ಗೆ ರಿಮೋಟ್ ಇರುವ ಸಾಧನವನ್ನು ತನ್ನಿರಿ. ಅವರ ಫೋನನ್ನು ಮನೆಮಂದಿಯ ವೈಫೈಗೇ ಜೋಡಿಸಿರಿ. ಯೂಟ್ಯೂಬಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿರಿ. ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಹೇಳಿ ಹುಡುಕುವುದನ್ನು ತೋರಿಸಿರಿ. ಅವರದೇ ಖಾತೆಯಿಂದ ನೋಡಲಿ; ಆಗ ಪರದೆಯ ಮೇಲೆ ನಿಮ್ಮ ಷೇರುಪೇಟೆಯ ಬದಲು ಅವರಿಗೆ ಬೇಕಾದ ಚಂದನದ 'ಥಟ್ ಅಂತ ಹೇಳಿ' ಮುಂದೆ ಬರುತ್ತದೆ. ಒತ್ತಬೇಕಾದ ಗುಂಡಿಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಟಿ.ವಿ.ಯ ಪಕ್ಕ ಅಂಟಿಸಿರಿ. ಒಮ್ಮೆ ಮಾಡಿ ತೋರಿಸಿ, ಎರಡು ಸಲ ಅವರ ಕೈಯಿಂದಲೇ ಮಾಡಿಸಿರಿ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ನಮ್ಮ ಸಂಘಕ್ಕೂ ಒಂದು ಬೇಡಿಕೆಯಿದೆ. ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುವುದನ್ನು ನಾವು ಚೆನ್ನಾಗಿ ಮಾಡುತ್ತೇವೆ. ಬರುವ ಯುಗಾದಿಯ ಕೂಟದಲ್ಲಿ ಒಂದು ಮೇಜು, ಒಂದು ಟಿ.ವಿ., ಒಂದು ಗಂಟೆಯ ಕಾಲ ಅವರಿಗಾಗಿ ಮೀಸಲಿಡೋಣ. ಹದಿಹರೆಯದ ಮಕ್ಕಳು ಕಲಿಸಲಿ, ಕನ್ನಡದಲ್ಲಿ. ಹಿರಿಯರು ಟಿ.ವಿ. ಕಲಿಯುತ್ತಾರೆ, ಮಕ್ಕಳ ಕನ್ನಡಕ್ಕೂ ಸಾಣೆ ಹಿಡಿದಂತಾಗುತ್ತದೆ. ಮೇಜಿನ ಹೊಣೆಯನ್ನು ನಾನು ಹೊರುತ್ತೇನೆ.

ಆ ಚಳಿಗಾಲದ ಉಳಿದ ಕಥೆ ಚಿಕ್ಕದು. ಬೆಟ್ಟಗುಡ್ಡದ ಮಾತು ಕೇಳಿದ ವಾರವೇ ರಿಮೋಟ್ ಇರುವ ಸಾಧನ ತಂದೆ. ಅಮ್ಮ ಎರಡು ದಿನ ಹೆದರಿ ಹೆದರಿ ಒತ್ತಿದಳು. ಮೂರನೆಯ ದಿನ ನನ್ನನ್ನು ಕೇಳುವುದನ್ನು ನಿಲ್ಲಿಸಿದಳು. ಜನವರಿಯ ಒಂದು ಸಂಜೆ ಕ್ರಿಕೆಟ್ ನೋಡೋಣವೆಂದು ಅವಸರದಿಂದ ಮನೆಗೆ ಬಂದರೆ, ಟಿ.ವಿ.ಯಲ್ಲಿ ಭಾಗವತರು ಏರುದನಿಯಲ್ಲಿದ್ದರು. ಅಮ್ಮ ರಿಮೋಟನ್ನು ಮಡಿಲಿನಿಂದ ತೆಗೆಯಲಿಲ್ಲ. "ನಿಂಗೆ ಫೋನಿದ್ಯಲ್ಲ, ಅದರಲ್ಲಿ ನೋಡ್ಕ" ಎಂದಳು. ನೋಡಿಕೊಂಡೆ. ದೀಪಾವಳಿಯಂದು ತಲೆದೂಗಿ ಬಂದ ಮಿತ್ರರಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ: ನಿಮ್ಮ ಮನೆಯಲ್ಲೂ ರಿಮೋಟ್ ಎಲ್ಲೋ ಒಂದು ಡ್ರಾಯರಿನಲ್ಲಿರಬೇಕು. ನಿಮ್ಮ ತಂದೆಯವರು ಬರುವುದರೊಳಗೆ ಅದನ್ನು ಹುಡುಕಿ, ಹೊಸ ಬ್ಯಾಟರಿ ಹಾಕಿಡಿ.